ಮೂರನೇ ಸಾಲಿನ ಕೆಂಪು ಪೆನ್ಸಿಲ್

ಶನಿವಾರ ಮಧ್ಯಾಹ್ನ ಮೂರೂವರೆ ಆಯಿತೆಂದರೆ ಅವಳು ಕನ್ನಡಕದಂಗಡಿಯ ಹಿಂದಿನ ಕೋಣೆಗೆ ಹೋಗಿ, ಬಿಳಿ ಕೋಟು ಕಳಚಿ ಮೊಳೆಗೆ ನೇತುಹಾಕಿ, ಬೂದು ಬಣ್ಣದ ಅಂಗಿ ತೊಟ್ಟು, ಕುತ್ತಿಗೆಗೆ ಸೀಟಿ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಬೀಳುತ್ತಿದ್ದಳು. ಬೆಳಗಿನಿಂದ ಅಲ್ಲಿಯವರೆಗೆ ಜನರ ಕಣ್ಣು ಸರಿಮಾಡುವ ಕೆಲಸ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಬೇಕು, ಎರಡು ಪಾಪೆಗಳ ನಡುವಿನ ಅಂತರ ಅಳೆಯಬೇಕು, ಗಾಜಿನ ಮೇಲೆ ಪೆನ್ನಿನಿಂದ ಚುಕ್ಕೆ ಇಡಬೇಕು. ಅಲ್ಲಿಂದ ಮುಂದೆ ಅದೇ ಜನರಿಂದ ‘ನಿನಗೆ ಕಣ್ಣಿಲ್ಲವಾ’ ಎಂದು ಬೈಸಿಕೊಳ್ಳುವ ಕೆಲಸ. ಏಕೆಂದರೆ ಅವಳು ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿ.

"ಕನ್ನಡಕ ಹಾಕ್ಕೊಳ್ರೀ ಮೇಡಂ!" ಎಂದು ಮೇಲಿನ ಸಾಲಿನಿಂದ ಯಾರಾದರೊಬ್ಬರು ಕೂಗದ ಪಂದ್ಯವೇ ಇರಲಿಲ್ಲ. ಕೂಗುವವರಲ್ಲಿ ಅರ್ಧ ಜನ ಅವಳ ಅಂಗಡಿಯ ಗಿರಾಕಿಗಳೇ. ಒಮ್ಮೆ ಆಟ ನಿಂತಿದ್ದ ಹೊತ್ತಿನಲ್ಲಿ ಅವಳು ಹಿಂತಿರುಗಿ ನೋಡಿ, "ನಿಮ್ಮದು ರೆಡಿ ಇದೆ ಸಾರ್, ಬುಧವಾರ ಬಂದು ತಗೊಂಡ್ಹೋಗಿ" ಎಂದಿದ್ದಳು. ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನುಷ್ಯ ಬುಧವಾರ ಅಂಗಡಿಗೆ ಬಂದು ತೆಪ್ಪಗೆ ಕನ್ನಡಕ ಹಾಕಿಸಿಕೊಂಡು ಹೋದ.

ಆಡುವ ಹುಡುಗಿಯರು ಬೆನ್ನ ಹಿಂದೆ ಅವಳನ್ನು ಪೀಪಿ ಮೇಡಂ ಎನ್ನುತ್ತಿದ್ದರು. ಎದುರಿಗೆ ಬರಿಯ ಮೇಡಂ. ನಾವು ಆಡುವವರೂ ಅಲ್ಲ, ಆಡಿಸುವವರೂ ಅಲ್ಲ, ನಮಗೆ ಪೀಪಿ ಎಂದರೆ ಸಾಕು. ಅವಳೇನೂ ಬೇಸರ ಮಾಡಿಕೊಳ್ಳುವ ಪೈಕಿಯಲ್ಲ.

ಹದಿನಾರು ವರ್ಷ ಅವಳು ಹೀಗೆ ಊದಿದ್ದಾಳೆ. ಆ ಹದಿನಾರು ವರ್ಷವೂ, ಪಂದ್ಯ ಯಾವ ಕಾಲೇಜಿನದೇ ಆಗಿರಲಿ, ಅಂಕಣದ ಎಡಬದಿಯ ಮೂರನೇ ಸಾಲಿನಲ್ಲಿ ಒಬ್ಬರು ಬಂದು ಕೂರುತ್ತಿದ್ದರು. ಅವರ ತೊಡೆಯ ಮೇಲೆ ಉದ್ದನೆಯ ನೋಟುಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲ್. ಅವಳು ಸೀಟಿ ಊದಿದಾಗಲೆಲ್ಲ ಅವರು ಒಂದು ಕ್ಷಣ ಕಣ್ಣು ಕಿರಿದು ಮಾಡಿ, ಆಮೇಲೆ ಬರೆದರೆ ಬರೆದರು, ಬಿಟ್ಟರೆ ಬಿಟ್ಟರು. ಅವರು ಬೇರೆ ಯಾರೂ ಅಲ್ಲ, ಅವಳ ಮಾವ. ಗಂಡನ ಅಪ್ಪ.

ಮಾವ ಅಚ್ಚುಮನೆಯಲ್ಲಿ ಮೂವತ್ತೆಂಟು ವರ್ಷ ಪ್ರೂಫ್ ನೋಡಿದವರು. ಬೇರೆಯವರು ಓದುವುದಕ್ಕೆ ಪುಸ್ತಕ ಹಿಡಿಯುತ್ತಾರೆ, ಇವರು ತಪ್ಪು ಹಿಡಿಯುವುದಕ್ಕೆ. ಮದುವೆಯ ಕರೆಯೋಲೆ ಬಂದರೂ ಮೊದಲು ತಿದ್ದಿ, ಆಮೇಲೆ ತಾರೀಖು ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಕೈ ಕಟ್ಟಿ ಕೂರಲಾಗಲಿಲ್ಲ. ಟಿವಿಯಲ್ಲಿ ವೃತ್ತಿಪರ ಲೀಗಿನ ಬ್ಯಾಸ್ಕೆಟ್‌ಬಾಲ್ ಬರುತ್ತಿತ್ತು, ಮನೆಯಲ್ಲಿ ಸೊಸೆಯ ಕಾಲೇಜು ಪಂದ್ಯಗಳ ಮಾತು ನಡೆಯುತ್ತಿತ್ತು. ನೋಟುಪುಸ್ತಕದಲ್ಲಿ ಸ್ಕೇಲು ಹಿಡಿದು ಎರಡು ಕಾಲಂ ಎಳೆದರು. ಎಡಕ್ಕೆ ಕಾಲೇಜು, ಬಲಕ್ಕೆ ಲೀಗು. ಯಾರ ರೆಫರಿಗಳು ಎಷ್ಟು ತಪ್ಪು ಊದುತ್ತಾರೆ ಎಂಬ ಲೆಕ್ಕ. ಇದನ್ನು ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

"ಈ ವರ್ಷ ನಿಮ್ಮದು ಪಂದ್ಯಕ್ಕೆ ಹನ್ನೊಂದು ತಪ್ಪು. ಲೀಗಿನವರದ್ದು ಏಳು," ಎನ್ನುತ್ತಿದ್ದರು ಊಟಕ್ಕೆ ಕೂತಾಗ. ಹವಾಮಾನದ ವರದಿ ಓದುವವರ ದನಿಯಲ್ಲಿ.

"ಅಲ್ಲಿ ಮೂರು ಜನ ರೆಫರಿಗಳು ಮಾವ, ಇಲ್ಲಿ ಇಬ್ಬರು. ಅಲ್ಲಿ ಆರು ಕಣ್ಣು, ಇಲ್ಲಿ ನಾಲ್ಕೇ. ತಪ್ಪನ್ನ ಕಣ್ಣಿನಿಂದ ಗುಣಿಸಿ ನೋಡಿ."

ಮಾವ ಅನ್ನದ ಕೈಯಲ್ಲೇ ಗಾಳಿಯಲ್ಲಿ ಗುಣಾಕಾರ ಮಾಡಿದರು. "ಗುಣಿಸಿದ್ರೂ ನೀವೇ ಮುಂದೆ ಕಣಮ್ಮಾ. ತಪ್ಪಿನಲ್ಲಿ."

"ಕ್ಯಾಮೆರಾದ ಕಣ್ಣನ್ನೂ ಸೇರಿಸಿ ಗುಣಿಸಪ್ಪಾ," ಎಂದು ಗಂಡ ಬಾಗಿಲ ಹತ್ತಿರ ಕೂತುಕೊಂಡೇ ಮಧ್ಯೆ ಬಾಯಿ ಹಾಕುತ್ತಿದ್ದ. ಅವನು ಬಡಗಿ. ಮನೆಯ ಮುಂದಿನ ಷೆಡ್ಡಿನಲ್ಲೇ ಅವನ ಕೆಲಸ. ಒಂದು ಹಲಗೆಯನ್ನು ಮೂರು ಸಲ ಅಳೆಯದೆ ಗರಗಸ ಮುಟ್ಟುವವನಲ್ಲ. ಮೊದಲ ಸಲ ಬಂದ ಅಳತೆಯೇ ಎರಡನೇ ಸಲವೂ ಬಂದರೂ, ಮೂರನೇ ಸಲ ಅಳೆದೇ ತೀರಬೇಕು. ಮನೆಯಲ್ಲಿ ಎಲ್ಲರಿಗೂ ಅದೊಂದು ತಮಾಷೆಯ ವಿಷಯ. ಅವನ ಮದುವೆಯೇ ಎರಡು ವರ್ಷ ತಡವಾದದ್ದು ಅಳೆದು ಮುಗಿಯದೆ ಎಂದು ಪೀಪಿ ಗೆಳತಿಯರ ಹತ್ತಿರ ಹೇಳಿ ನಗುತ್ತಿದ್ದಳು.

ಮಾವನ ವಾದ ಸುಳ್ಳೆಂದು ಹೇಳುವಂತಿರಲಿಲ್ಲ. ಲೀಗಿನ ರೆಫರಿಗಳಿಗೆ ಅದೇ ಹೊಟ್ಟೆಪಾಡು, ಇಡೀ ದಿನದ ಕೆಲಸ. ಬೆಳಗ್ಗೆ ಎದ್ದು ಹಿಂದಿನ ದಿನದ ತಮ್ಮ ಪಂದ್ಯವನ್ನು ಪರದೆಯ ಮೇಲೆ ನೋಡಿ, ಎಲ್ಲಿ ನಿಂತಿದ್ದರೆ ಚೆನ್ನಾಗಿ ಕಾಣುತ್ತಿತ್ತು ಎಂದು ಪಾಠ ಕಲಿಯುತ್ತಾರೆ. ಅವರು ಊದಿದ್ದಕ್ಕೂ ಅಂಕ, ಊದದ್ದಕ್ಕೂ ಅಂಕ. ಇಲ್ಲಿ? ಪೀಪಿ ಅಂಗಡಿಯಿಂದ ಓಡೋಡಿ ಬರುತ್ತಾಳೆ. ಅವಳ ಜೊತೆಗಾರ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಅವರಿಗೆ ಮಂಡಿನೋವು. ಇಬ್ಬರೂ ಸೇರಿ ಹತ್ತು ಜನ ಚಿಗರೆಯಂತಹ ಹುಡುಗಿಯರ ಹಿಂದೆ ಓಡಬೇಕು.

ಆದರೆ ಪೀಪಿಯೂ ಸುಮ್ಮನೆ ಬಿಡುವವಳಲ್ಲ. ಒಂದು ದಿನ ಕೇಳಿದಳು, "ಮಾವ, ಟಿವಿಯಲ್ಲಿ ಒಂದನ್ನೇ ಮೂರು ಸಲ ತೋರಿಸ್ತಾರೆ. ನೀವು ನಿಧಾನಕ್ಕೆ ನೋಡಿ ತಪ್ಪು ಅಂತ ಬರೀತೀರ. ನನ್ನ ಪಂದ್ಯದಲ್ಲಿ ನೀವು ನೋಡೋದು ಒಂದೇ ಸಲ, ಅದೂ ಮೂರನೇ ಸಾಲಿಂದ. ಆ ಹನ್ನೊಂದರಲ್ಲಿ ನನ್ನ ತಪ್ಪು ಎಷ್ಟು, ನಿಮ್ಮ ತಪ್ಪು ಎಷ್ಟು?"

ಮರುದಿನದಿಂದ ನೋಟುಪುಸ್ತಕದಲ್ಲಿ ಎಡಗಡೆ ಕೆಲವು ಗುರುತುಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಂಡಿತು. ಹಾಗೆ ಒಪ್ಪಿಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಎರಡು ದಿನ ಮುಖ ಇಷ್ಟು ದಪ್ಪ ಮಾಡಿಕೊಂಡು ಓಡಾಡಿದರು.

ಆ ಪುಸ್ತಕದಲ್ಲಿ ಇನ್ನೊಂದು ಗುರುತಿತ್ತು. ಒಂದು ಸೊನ್ನೆ, ಅದಕ್ಕೊಂದು ಬಾಲ. ಅದು ‘ಸಮಾಧಾನದ ಸೀಟಿ’ಗೆ. ರೆಫರಿಗಳ ಜಗತ್ತಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ತಂಡದ ವಿರುದ್ಧ ತಪ್ಪಾಗಿ ಊದಿಬಿಟ್ಟೆ ಎಂದು ರೆಫರಿಗೆ ಒಳಗೊಳಗೇ ತಿಳಿಯುತ್ತದೆ. ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ. ಎರಡು ನಿಮಿಷ ಬಿಟ್ಟು, ಇನ್ನೊಂದು ತಂಡದವರದ್ದು ಏನೂ ಇಲ್ಲದಿದ್ದರೂ ಒಂದು ಸಣ್ಣ ತಪ್ಪು ಹುಡುಕಿ ಊದುತ್ತಾನೆ. ಅಲ್ಲಿಗೆ ಸಮ ಆಯಿತು ಎಂದು ತನಗೆ ತಾನೇ ಸಮಾಧಾನ. ಕಾಲೇಜಿನಲ್ಲೂ ಇದು ಉಂಟು, ಲೀಗಿನಲ್ಲೂ ಉಂಟು. ಮಾವನ ಎರಡೂ ಕಾಲಮಿನಲ್ಲಿ ಬಾಲದ ಸೊನ್ನೆಗಳು ಹೆಚ್ಚುಕಡಿಮೆ ಒಂದೇ ಸಮ ಇದ್ದವು. ಪೀಪಿಯ ಹೆಸರಿನಲ್ಲೂ ಹದಿನಾರು ವರ್ಷದಲ್ಲಿ ಒಂಬತ್ತು ಇದ್ದವು. ಆ ಒಂಬತ್ತೂ ಸರಿಯಾದ ಗುರುತುಗಳೇ ಎಂದು ಅವಳಿಗೆ ಗೊತ್ತಿತ್ತು, ಅವುಗಳ ಬಗ್ಗೆ ಮಾತ್ರ ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ.

ಆ ವರ್ಷ ಲೀಗಿನಿಂದ ಒಂದು ಪತ್ರ ಬಂತು. ಹೊಸ ರೆಫರಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ಅರ್ಜಿ ಹಾಕಿದವರ ಮೂರು ಕಾಲೇಜು ಪಂದ್ಯಗಳನ್ನು ಲೀಗಿನ ಪರೀಕ್ಷಕರೊಬ್ಬರು ಬಂದು ನೋಡುತ್ತಾರೆ, ಒಪ್ಪಿಗೆಯಾದರೆ ಹತ್ತು ಲೀಗ್ ಪಂದ್ಯ ಪ್ರಯೋಗಕ್ಕೆ ಕೊಡುತ್ತಾರೆ. ನಲವತ್ತು ತುಂಬಿದವರು ಅರ್ಜಿ ಹಾಕುವಂತಿಲ್ಲ. ಪೀಪಿಗೆ ಮೂವತ್ತೊಂಬತ್ತು ನಡೆಯುತ್ತಿತ್ತು. ಅಂದರೆ ಇದೇ ಮೊದಲು, ಇದೇ ಕೊನೆ. ಅರ್ಜಿ ಹಾಕಿದಳು.

ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಹೇಳಿಕೊಳ್ಳಲೂ ನಾಚಿಕೆಯಾಗುತ್ತಿತ್ತು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಇಟ್ಟು ನೋಡುವಾಗಲೂ ಮನಸ್ಸು ದೊಡ್ಡ ಅಂಕಣದ ಹೊಳೆಯುವ ಮರದ ನೆಲದ ಮೇಲೆ ಓಡುತ್ತಿತ್ತು. ಕನ್ನಡಿಯ ಮುಂದೆ ನಿಂತು ಕೈಸನ್ನೆಗಳನ್ನು ಅಭ್ಯಾಸ ಮಾಡುವುದನ್ನು ಗಂಡ ಒಂದು ಬೆಳಗ್ಗೆ ನೋಡಿಬಿಟ್ಟ. ನಗಲಿಲ್ಲ. "ಮೊಣಕೈ ಇನ್ನೂ ಸ್ವಲ್ಪ ಮೇಲೆ" ಎಂದಷ್ಟೇ ಹೇಳಿ ಹೋದ.

ಮೊದಲ ಎರಡು ಪಂದ್ಯ ಚೆನ್ನಾಗಿಯೇ ಆದವು. ಪರೀಕ್ಷಕ ಬೋಳುತಲೆಯ ಮನುಷ್ಯ, ಹಿಂದೆ ತಾನೇ ಲೀಗಿನಲ್ಲಿ ಊದಿದವನು. ಮೇಲಿನ ಸಾಲಿನ ಮೂಲೆಯಲ್ಲಿ ಕೂತು, ಚಹಾ ಕೊಟ್ಟರೆ ಬೇಡವೆಂದು ತಲೆಯಾಡಿಸಿ, ಬರೆದುಕೊಳ್ಳುತ್ತಿದ್ದ. ಹೀಗೆ ಮೇಲೊಬ್ಬ ಕೆಳಗೊಬ್ಬರು ಕೂತು ತನ್ನ ತಪ್ಪು ಬರೆಯುತ್ತಿದ್ದರೆ ಯಾರಿಗಾದರೂ ಬೆವರಿಳಿಯಬೇಕು. ಪೀಪಿಗೆ ಅದು ರೂಢಿಯಾಗಿತ್ತು. ಮಾವ ಮಾಡಿದ ಉಪಕಾರವೆಂದರೆ ಅದೊಂದೇ ಎಂದು ಅವಳು ಪಿ.ಟಿ. ಮೇಷ್ಟ್ರಿಗೆ ಹೇಳಿದಳು.

ಮೂರನೆಯದು ಹುಡುಗಿಯರ ಕಾಲೇಜು ಫೈನಲ್. ಕೆಂಪಂಗಿಯವರಿಗೂ ನೀಲಿ ಅಂಗಿಯವರಿಗೂ. ಸಭಾಂಗಣದ ಬೆಂಚುಗಳೆಲ್ಲ ತುಂಬಿ, ಜನ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ಅಂಕಣ ಕೆಂಪಂಗಿಯವರ ಕಾಲೇಜಿನದು, ಆದ್ದರಿಂದ ಗಂಟಲುಗಳಲ್ಲಿ ಮುಕ್ಕಾಲು ಪಾಲು ಅವರದ್ದೇ.

ಇಪ್ಪತ್ತಾರು ಸೆಕೆಂಡು ಉಳಿದಿತ್ತು. ನೀಲಿಯವರು ಅರವತ್ತೆರಡು, ಕೆಂಪಿನವರು ಅರವತ್ತೊಂದು. ಕೆಂಪು ತಂಡದ ಗಿಡ್ಡ ಹುಡುಗಿ ಚೆಂಡು ತಟ್ಟುತ್ತಾ ನುಗ್ಗಿದಳು. ಬುಟ್ಟಿಯ ಮುಂದೆ ನೀಲಿ ತಂಡದ ಉದ್ದನೆಯ ಹುಡುಗಿ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಪೀಪಿ ಬುಟ್ಟಿಯ ಕೆಳಗಿನ ಗೆರೆಯ ಹತ್ತಿರ ಇದ್ದಳು, ಎರಡು ಹೆಜ್ಜೆ ಬಲಕ್ಕೆ ಹೋಗಬೇಕಿತ್ತು, ಒಂದೇ ಹೆಜ್ಜೆ ಹೋಗಿದ್ದಳು. ಅಷ್ಟರಲ್ಲಿ ಮತ್ತೊಬ್ಬಳ ಬೆನ್ನು ಕಣ್ಣಿಗೆ ಅಡ್ಡ ಬಂತು. ಧಡ್ ಎಂದು ಸದ್ದು. ಬೆನ್ನು ಸರಿದಾಗ ಇಬ್ಬರೂ ನೆಲದ ಮೇಲೆ ಬಿದ್ದಿದ್ದರು. ಪೀಪಿ ಊದಿದಳು. ನೀಲಿಯ ಉದ್ದನೆಯ ಹುಡುಗಿಯ ಕಡೆ ಕೈ ತೋರಿಸಿದಳು. ಫೌಲ್ ಅವಳದ್ದು.

ಸಭಾಂಗಣ ಹಾರಿ ಕುಣಿಯಿತು. ಅದು ಆ ಹುಡುಗಿಯ ಐದನೇ ಫೌಲ್, ಅಂದರೆ ಅವಳು ಆಟದಿಂದ ಹೊರಗೆ. ಕೆಂಪಿನ ಗಿಡ್ಡಿಗೆ ಎರಡು ಫ್ರೀ ಥ್ರೋ, ಯಾರೂ ತಡೆಯದೆ ಬುಟ್ಟಿಗೆ ಎಸೆಯುವ ಅವಕಾಶ. ಎರಡೂ ಬಿದ್ದರೆ ಕಪ್ ಅವರದ್ದೇ ಎಂದು ಜನ ಆಗಲೇ ಬೆಂಚಿನ ಮೇಲೆ ಹತ್ತಿ ನಿಂತರು.

ಉದ್ದನೆಯ ಹುಡುಗಿ ಜಗಳವಾಡಲಿಲ್ಲ. ಎದ್ದು ಮಂಡಿ ಒರೆಸಿಕೊಂಡು ಪೀಪಿಯ ಮುಖ ನೋಡಿದಳು. ನಾಲ್ಕು ವರ್ಷದಿಂದ ಪೀಪಿಯ ಸೀಟಿಗೆ ಆಡಿದವಳು, ಅವಳದ್ದು ಇದೇ ಕೊನೆಯ ಕಾಲೇಜು ಪಂದ್ಯ. ಏನೋ ಕೇಳುವುದಿದ್ದು ಕೇಳದೆ ಬಿಟ್ಟವಳಂತೆ ನೋಡಿ, ತನ್ನ ಬೆಂಚಿನ ಕಡೆ ನಡೆದಳು.

ಪೀಪಿ ತನ್ನನ್ನೇ ಕೇಳಿಕೊಂಡಳು: ನಾನು ನೋಡಿದ್ದೇನು? ಬಿದ್ದದ್ದು ನೋಡಿದ್ದೆ. ಸದ್ದು ಕೇಳಿದ್ದೆ. ಡಿಕ್ಕಿ ಹೊಡೆದದ್ದನ್ನು ನೋಡಿರಲಿಲ್ಲ. ಬೆನ್ನೊಂದು ಅಡ್ಡ ಇತ್ತು. ನೋಡದೇ ಇದ್ದದ್ದನ್ನು ಊಹಿಸಿ ಊದಿದ್ದೆ.

ಪಿ.ಟಿ. ಮೇಷ್ಟ್ರು ಚೆಂಡು ಹಿಡಿದುಕೊಂಡು ಹತ್ತಿರ ಬಂದರು. ತುಟಿ ಅಲ್ಲಾಡಿಸದೆ ಕೇಳಿದರು, "ಸರಿಯಾಗಿ ನೋಡಿದ್ಯಾ ತಾಯಿ?"

"ಇಲ್ಲ ಮೇಷ್ಟ್ರೇ. ನೀವು?"

"ನಾನು ಹಿಂದಿಂದ ನೋಡ್ದೆ. ಆ ಉದ್ದದ ಹುಡುಗಿ ಕಂಬದ ಥರ ನಿಂತಿದ್ಲು. ಈ ಗಿಡ್ಡಿನೇ ಹೋಗಿ ಗುದ್ದಿದ್ದು." ಅವರು ಒಮ್ಮೆ ಮೇಲಿನ ಸಾಲಿನ ಬೋಳುತಲೆಯ ಕಡೆ ಕಣ್ಣು ಹಾಯಿಸಿದರು. "ಊದಿದ್ದು ಊದಿ ಆಯ್ತು, ಬಿಡು. ಅವರು ನಿನ್ನನ್ನ ನೋಡ್ತಿದ್ದಾರೆ. ಇನ್ನೂ ಇಪ್ಪತ್ತಾರು ಸೆಕೆಂಡ್ ಇದೆಯಲ್ಲ, ನೀಲಿಯವರಿಗೆ ಏನಾದ್ರೂ ಒಂದು ಕೊಟ್ಬಿಡೋಣ. ಸಮ ಆಗುತ್ತೆ."

ಮೇಷ್ಟ್ರು ಕೆಟ್ಟವರಲ್ಲ. ಅವಳ ಮೇಲಿನ ಅಕ್ಕರೆಗೇ ಹಾಗೆ ಹೇಳಿದರು. ಇದು ಹತ್ತನೇ ಬಾಲದ ಸೊನ್ನೆಯಾಗುತ್ತಿತ್ತು, ಅಷ್ಟೇ. ಯಾರೂ ಸಾಯುತ್ತಿರಲಿಲ್ಲ. ಫ್ರೀ ಥ್ರೋಗೆ ಚೆಂಡು ಕೈಗೆ ಕೊಡುವವರೆಗೆ ರೆಫರಿಗಳು ಮಾತಾಡಿಕೊಂಡು ತೀರ್ಮಾನ ಬದಲಿಸಬಹುದು ಎಂದು ನಿಯಮದಲ್ಲಿ ಇದೆ. ಆದರೆ ಫೈನಲ್ ಪಂದ್ಯದಲ್ಲಿ, ಅಷ್ಟು ಜನರ ಮುಂದೆ, ಲೀಗಿನ ಪರೀಕ್ಷಕನ ಕಣ್ಣೆದುರಿಗೆ ಅದನ್ನು ಮಾಡುವ ರೆಫರಿ ಯಾರಿದ್ದಾರೆ? ನನಗೆ ಕಾಣಿಸಲಿಲ್ಲ ಎಂದು ರೆಫರಿ ಹೇಳುವುದೂ, ನನಗೆ ಅಡುಗೆ ಬರುವುದಿಲ್ಲ ಎಂದು ಅಡುಗೆಯವನು ಹೇಳುವುದೂ ಒಂದೇ.

ಪೀಪಿ ಮೂರನೇ ಸಾಲಿನ ಕಡೆ ನೋಡಲಿಲ್ಲ. ಮೇಲಿನ ಮೂಲೆಯ ಕಡೆಯೂ ನೋಡಲಿಲ್ಲ. ನೀಲಿ ಅಂಗಿಯ ಬೆಂಚಿನ ಹತ್ತಿರ ಹುಡುಗಿ ಬೆವರು ಒರೆಸುವ ನೆಪದಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದಳು. ಪೀಪಿ ಅದನ್ನು ನೋಡಿದಳು, ಅಲ್ಲಿಂದ ಸೀದಾ ಅಂಕ ಬರೆಯುವವರ ಮೇಜಿನವರೆಗೆ ನಡೆದಳು. ಎರಡೂ ತಂಡದ ಕೋಚುಗಳನ್ನು ಕರೆದಳು.

"ಡಿಕ್ಕಿ ಆಗಿದ್ದನ್ನ ನಾನು ನೋಡಿಲ್ಲ," ಎಂದಳು. "ಊಹೆ ಮಾಡಿ ಊದಿದೆ. ತಪ್ಪು ನನ್ನದು. ನನ್ನ ಜೊತೆಯವರು ನೋಡಿದ್ದಾರೆ. ಫೌಲ್ ಕೆಂಪು ತಂಡದ್ದು. ಚೆಂಡು ನೀಲಿಯವರಿಗೆ."

ಆಮೇಲೆ ಎದ್ದ ಗಲಾಟೆಯನ್ನು ಬರೆಯಲು ಕಾಗದ ಸಾಲದು. ಕೆಂಪು ತಂಡದ ಕೋಚ್ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದು, "ಕಾಲೇಜು ರೆಫರಿಗಳ ಹಣೆಬರಹವೇ ಇಷ್ಟು! ಲೀಗಿನಲ್ಲಿ ಹೀಗೆ ಮಾಡ್ತಾರಾ?" ಎಂದು ಕಿರುಚಿದ. ಮೇಲಿನಿಂದ ಎರಡು ನೀರಿನ ಬಾಟಲಿ ಬಂದು ಬಿದ್ದವು. ಕನ್ನಡಕದ ಮಾತಂತೂ ನೂರು ಬಾಯಿಂದ ಬಂತು. ಮೇಷ್ಟ್ರು ಬಂದು ಅವಳ ಮಗ್ಗುಲಲ್ಲಿ ನಿಂತುಕೊಂಡರು.

ಆಟ ಮುಂದುವರಿಯಿತು. ನೀಲಿಯವರು ಚೆಂಡನ್ನು ಕೈಯಿಂದ ಕೈಗೆ ದಾಟಿಸಿ ಹೊತ್ತು ಕಳೆದು ಎಸೆದರು, ಬೀಳಲಿಲ್ಲ. ಪುಟಿದ ಚೆಂಡಿಗೆ ನಾಲ್ಕು ಜನ ಹಾರಿದರು. ಹಿಡಿದವಳು ಉದ್ದನೆಯ ಹುಡುಗಿ. ಎದೆಗವಚಿಕೊಂಡು ಹಾಗೇ ನಿಂತಳು, ಗಂಟೆ ಹೊಡೆಯಿತು. ನೀಲಿಯವರು ಗೆದ್ದರು, ಒಂದೇ ಅಂಕದಿಂದ.

ಹೊರಗೆ ಹೋಗುವಾಗ ಪೀಪಿ ಮುಂಬಾಗಿಲು ಬಿಟ್ಟು ಸೈಕಲ್ ಸ್ಟ್ಯಾಂಡಿನ ಕಡೆಯಿಂದ ಬಂದಳು. ಅಲ್ಲಿ ಪರೀಕ್ಷಕ ತನ್ನ ಚೀಲ ಹೆಗಲಿಗೇರಿಸುತ್ತಿದ್ದ. "ಎರಡನೇ ಹೆಜ್ಜೆ ಯಾಕೆ ಇಡಲಿಲ್ಲ ಮೇಡಂ?" ಎಂದು ಕೇಳಿದ. "ತಡ ಮಾಡಿದೆ ಸಾರ್" ಎಂದಳು. ಅವನು ಹೂಂಗುಟ್ಟಿ ಹೊರಟುಹೋದ. ಅಲ್ಲಿಗೆ ಮುಗಿಯಿತು ಎಂದುಕೊಂಡಳು ಪೀಪಿ. ಹದಿನಾರು ವರ್ಷ ಕಾದದ್ದು ಒಂದು ಹೆಜ್ಜೆಗೆ ಹೋಯಿತು. ಸೈಕಲ್ಲುಗಳ ನಡುವೆ ನಿಂತು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಮುಖ ತೊಳೆದುಕೊಂಡು ಮನೆಗೆ ಹೋದಳು.

ಆ ಸಂಜೆ ಊಟದ ಹೊತ್ತಿನಲ್ಲಿ ಮಾವ ಲೆಕ್ಕ ಒಪ್ಪಿಸಲಿಲ್ಲ. ತಟ್ಟೆ ನೋಡಿಕೊಂಡು ಊಟ ಮಾಡಿ ಎದ್ದರು. ಸೊಸೆಯ ಮೇಲೆ ಮುನಿಸಿರಬೇಕು ಎಂದು ಅವಳಿಗೆ ಅನ್ನಿಸಿತು.

ಭಾನುವಾರ ಬೆಳಗ್ಗೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ತೊಳೆಯುತ್ತಿದ್ದಾಗ ಮಾವ ಬಂದು ಎರಡು ಮೆಟ್ಟಿಲು ಮೇಲೆ ಕೂತರು. ನೋಟುಪುಸ್ತಕ ತಂದಿದ್ದರು.

"ನಿನ್ನೆದು ಯಾವ ಕಾಲಮಿಗೆ ಬರೀಬೇಕು ಅಂತ ಗೊತ್ತಾಗ್ಲಿಲ್ಲ," ಎಂದರು.

"ತಪ್ಪಿಗೇ ಬರೀರಿ ಮಾವ. ತಪ್ಪೇ ಅಲ್ವಾ."

"ಅಲ್ಲ. ಅಚ್ಚಾಗೋ ಮುಂಚೆ ತಿದ್ದಿದ್ರೆ ನಾವು ಅದನ್ನ ತಪ್ಪು ಅಂತ ಕರೀತಿರ್ಲಿಲ್ಲ." ಪೆನ್ಸಿಲನ್ನು ಬೆರಳಿನಲ್ಲಿ ತಿರುಗಿಸಿದರು. "ನಿನ್ನೆ ನೀನು ಆ ಮೇಜಿನ ತನಕ ನಡ್ಕೊಂಡು ಹೋದ್ಯಲ್ಲ, ನಾನು ಒಂದ್ಸಲ ಅಷ್ಟು ದೂರ ನಡೀಲಾರದೆ ಹೋದೆ ಕಣಮ್ಮಾ. ಯಾರಿಗೂ ಹೇಳಿಲ್ಲ."

ಆಮೇಲೆ ಹೇಳಿದರು. ಐದನೇ ತರಗತಿಯ ಲೆಕ್ಕದ ಪುಸ್ತಕ. ಕೊನೆಯ ಪುಟಗಳಲ್ಲಿ ಉತ್ತರಗಳ ಪಟ್ಟಿ. ಹದಿನೇಳನೇ ಲೆಕ್ಕಕ್ಕೆ ಎಪ್ಪತ್ನಾಲ್ಕು ಬರಬೇಕು, ಐವತ್ನಾಲ್ಕು ಎಂದು ಕೂತಿತ್ತು. ಅವರು ಪ್ರೂಫಿನಲ್ಲಿ ಹಿಡಿಯಲಿಲ್ಲ. ಯಂತ್ರ ಓಡತೊಡಗಿ ಇನ್ನೂರು ಹಾಳೆ ಬಿದ್ದ ಮೇಲೆ, ಒಂದು ಹಾಳೆ ಎತ್ತಿ ನೋಡಿದಾಗ ಕಣ್ಣಿಗೆ ಬಿತ್ತು. ನಿಲ್ಲಿಸಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಂತ್ರ ಇಪ್ಪತ್ತು ಹೆಜ್ಜೆ ಆಚೆಗಿತ್ತು. ಆದರೆ ಅದೇ ವಾರ ಅಚ್ಚುಮನೆಯ ಯಜಮಾನರು ಎಲ್ಲರನ್ನೂ ಸೇರಿಸಿ, ಈ ಮನುಷ್ಯನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗುವುದಿಲ್ಲ ಎಂದು ಹೊಗಳಿದ್ದರು. ಮಾವ ಹಾಳೆಯನ್ನು ಇದ್ದಲ್ಲೇ ಇಟ್ಟು ಬಂದರು. ಆ ಪುಸ್ತಕ ಮೂರು ವರ್ಷ ಶಾಲೆಗಳಲ್ಲಿ ನಡೆಯಿತು.

"ಎರಡನೇ ವರ್ಷ ಇವನೇ ಐದನೇ ಕ್ಲಾಸು," ಎಂದರು ಮಾವ, ಮುಂದಿನ ಷೆಡ್ಡಿನ ಕಡೆ ತಲೆಯಿಂದ ಸನ್ನೆ ಮಾಡಿ. ಅಲ್ಲಿ ಗಂಡ ಉಜ್ಜುಗೊರಡು ಹಾಕುವ ಸದ್ದು ಬರುತ್ತಿತ್ತು. "ಸ್ಲೇಟು ಹಿಡ್ಕೊಂಡು ಬಂದ. ಅಪ್ಪಾ, ನನಗೆ ಎಪ್ಪತ್ನಾಲ್ಕು ಬರ್ತಿದೆ, ಮೇಷ್ಟ್ರು ತಪ್ಪು ಹಾಕಿದ್ರು, ನಾನು ಮೂರು ಸಲ ಮಾಡಿ ನೋಡ್ದೆ ಅಂದ. ನಾನೇನಂದೆ ಗೊತ್ತಾ? ಪುಸ್ತಕದಲ್ಲಿರೋದು ತಪ್ಪಾಗುತ್ತೇನೋ, ಇನ್ನೊಂದು ಸಲ ಮಾಡು ಅಂದೆ."

ಪೀಪಿಯ ಕೈಯಲ್ಲಿ ದಾರ ಹಾಗೇ ನಿಂತಿತು. ಷೆಡ್ಡಿನಲ್ಲಿ ಉಜ್ಜುಗೊರಡು ನಿಂತಿತು. ಅಳತೆ ಟೇಪು ಸರ್ರೆಂದು ಹೊರಬಂದು ಒಳಹೋಯಿತು. ಮತ್ತೆ ಬಂದು ಒಳಹೋಯಿತು. ಮತ್ತೊಮ್ಮೆ. ಹದಿನೇಳು ವರ್ಷದ ಸಂಸಾರದಲ್ಲಿ ಆ ಮೂರು ಸಲದ ಸದ್ದಿಗೆ ಎಷ್ಟು ನಕ್ಕಿದ್ದಳೋ. ಈಗ ಒದ್ದೆ ದಾರವನ್ನು ಮೆಟ್ಟಿಲ ಮೇಲಿಟ್ಟಳು.

"ಅವರಿಗೆ ಹೇಳಿ ಮಾವ," ಎಂದಳು.

"ಈಗ ಹೇಳಿ ಏನು ಬಂತು? ಅವನಿಗೆ ನೆನಪೂ ಇರಲ್ಲ."

ನಾಲಿಗೆ ಏಳದೇ ಇರುವುದು ಎಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಒಂಬತ್ತು ಸಲ.

ಮೂರು ವಾರ ಕಳೆಯಿತು. ಕೆಂಪು ಕಾಲೇಜಿನ ಕಡೆಯ ಗಿರಾಕಿಗಳು ಅಂಗಡಿಗೆ ಬರುವುದು ಬಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಬಂದರು. ಉದ್ದನೆಯ ಹುಡುಗಿಯೂ ಒಂದು ದಿನ ಬಂದಳು, ಕನ್ನಡಕಕ್ಕಲ್ಲ. ಬಾಗಿಲಲ್ಲೇ ನಿಂತು, "ಮೇಡಂ, ಮುಂದಿನ ವರ್ಷ ನಾನೂ ರೆಫರಿ ಪರೀಕ್ಷೆಗೆ ಕೂರ್ಬೇಕು ಅಂತಿದೀನಿ, ಏನು ಓದ್ಬೇಕು?" ಎಂದು ಕೇಳಿದಳು. ಪೀಪಿ ತನ್ನ ಹರಕು ನಿಯಮದ ಪುಸ್ತಕವನ್ನೇ ಕೊಟ್ಟು ಕಳಿಸಿದಳು. ಆ ದಿನ ಲೀಗಿನ ಚಿಂತೆ ಅರ್ಧ ಇಳಿಯಿತು.

ಲಕೋಟೆ ಬಂದದ್ದು ಒಂದು ರಜೆಯ ಬೆಳಗ್ಗೆ. ಗಂಡ ಅಡುಗೆಮನೆಯ ಗೋಡೆಗೆ ಹಲಗೆ ಕೂರಿಸುತ್ತಿದ್ದ, ಮಾವ ಕಾಫಿ ಕುಡಿಯುತ್ತಿದ್ದರು. ಪೀಪಿ ಲಕೋಟೆಯನ್ನು ಒಡೆಯಲಾರದೆ ಮಾವನ ಮುಂದಿಟ್ಟಳು. ತಪ್ಪು ಓದುವುದರಲ್ಲಿ ಅವರೇ ಪಳಗಿದವರಲ್ಲವೇ.

ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಓಟ ಚೆನ್ನಾಗಿದೆ. ನಿಯಮಗಳ ತಿಳಿವಳಿಕೆ ಬಹಳ ಚೆನ್ನಾಗಿದೆ. ನಿಲ್ಲುವ ಜಾಗ ಸಾಧಾರಣ. ನೋಡದೆ ಊದಿದ್ದು ಒಂದು ಸಲ. ಅದರ ಕೆಳಗೆ ಪರೀಕ್ಷಕ ಕೈಯಲ್ಲಿ ಬರೆದಿದ್ದ: ‘ನೋಡದೆ ಊದುವವರು ನಮ್ಮಲ್ಲೂ ಇದ್ದಾರೆ. ನೋಡಲಿಲ್ಲ ಎಂದು ಹೇಳುವವರು ಕಡಿಮೆ. ಎಲ್ಲಿ ನಿಲ್ಲಬೇಕೆಂದು ನಾವು ಕಲಿಸುತ್ತೇವೆ. ಹತ್ತು ಪಂದ್ಯ ಕೊಟ್ಟಿದೆ. ಬನ್ನಿ.’

ಪೀಪಿ ಸೆರಗೋ ಟವೆಲೋ ನೋಡದೆ ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಗಂಡ ಏಣಿಯ ಮೇಲಿಂದಲೇ "ನಾನು ಹೇಳ್ಲಿಲ್ವಾ ಮೊಣಕೈ ಮೇಲೆ ಅಂತ" ಎಂದು ನಕ್ಕ. ಅವಳೂ ಅಳುತ್ತಲೇ ನಕ್ಕಳು.

ಮಾವ ಮಾತ್ರ ಪತ್ರವನ್ನು ಕೆಳಗಿಡಲಿಲ್ಲ. ಆ ಕೈಬರಹದ ಸಾಲುಗಳನ್ನು ಇನ್ನೊಮ್ಮೆ, ಈ ಸಲ ತಮಗೆ ತಾವೇ ಓದಿಕೊಂಡರು. ಲೋಟವನ್ನು ಪಕ್ಕಕ್ಕೆ ಸರಿಸಿದರು. ಎದ್ದು ನಿಂತರು. ಮೇಜಿನಿಂದ ಏಣಿಯವರೆಗೆ ಆರು ಹೆಜ್ಜೆ ಇರಬಹುದು. ನಡೆದರು.

"ಲೋ, ಕೇಳಿಲ್ಲಿ. ನಿನ್ನ ಐದನೇ ಕ್ಲಾಸಿನ ಲೆಕ್ಕದ ಪುಸ್ತಕ ಇತ್ತಲ್ಲ..."

ಗಂಡ ಟೇಪು ಹಿಡಿದವನು ಹಿಂತಿರುಗಲಿಲ್ಲ. "ಹದಿನೇಳನೇ ಲೆಕ್ಕ ತಾನೆ?" ಎಂದ.

ಮಾವ ಏಣಿಯ ಕಾಲು ಹಿಡಿದುಕೊಂಡರು. "ನಿಂದು ಸರಿ ಇತ್ತು ಕಣೋ. ಎಪ್ಪತ್ನಾಲ್ಕೇ. ಪುಸ್ತಕದ್ದೇ ತಪ್ಪು. ಆ ಪುಸ್ತಕ ನೋಡಿದ್ದು ನಾನೇ. ನೀನು ಸ್ಲೇಟು ತಂದಾಗ ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳ್ಲಿಲ್ಲ."

ಗಂಡ ಗೋಡೆಯ ಕಡೆಗೇ ಮುಖ ಮಾಡಿಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ತೋಳಿನಿಂದ ಕಣ್ಣುಜ್ಜಿಕೊಂಡು ಕೆಳಗಿಳಿದು ಬಂದ. ಅಪ್ಪನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟ. ಎರಡನೇ ಹಲಗೆಯನ್ನು ಕುರ್ಚಿಯ ಮೇಲೆ ಮಲಗಿಸಿ, ಟೇಪು ಎಳೆದು ಅಳೆದು, ಗುರುತು ಹಾಕಿ, ಟೇಪನ್ನು ಜೇಬಿಗೆ ಹಾಕಿಕೊಂಡು ಗರಗಸ ಎತ್ತಿಕೊಂಡ.

ಪೀಪಿ ನೋಡುತ್ತಿದ್ದಳು. ಮಾವನಿಗೆ ಮಾತ್ರ ತಡೆಯಲಾಗಲಿಲ್ಲ. "ಇನ್ನೊಂದು ಸಲ ಅಳ್ಕೊಳ್ಳೋ," ಎಂದರು.

"ಬೇಡಪ್ಪಾ," ಎಂದ ಅವನು. "ಸರಿ ಇದೆ."